ದೊಡ್ಡಿಯ ಬೀಗದ ಕೈ

ಮಾರ್ಚಿನ ಮೇರಿ ಹಬ್ಬದ ಬೆಳಿಗ್ಗೆ ಸಿಸ್ಲಿ ವಾರ್ಡಲ್ ಬಾಗಿಲು ತೆಗೆದಾಗ ದೊಡ್ಡಿಯ ಬೀಗದ ಕೈ ಅವಳ ಬಾಗಿಲ ಮೊಳೆಯಲ್ಲಿ ನೇತಾಡುತ್ತಿತ್ತು. ಗೋಡೆಗೆ ಒರಗಿಸಿ ಕೋಲು ಇತ್ತು. ಪಕ್ಕದ ಮನೆಯ ಹಂಫ್ರಿ ಬೆಳಕು ಹರಿಯುವ ಮೊದಲೇ ಇಟ್ಟು ಹೋಗಿದ್ದ.

ಹೇಳಿ ಕೇಳಿ ಕೊಡುವ ವ್ಯವಹಾರ ಅದಲ್ಲ. ಥ್ರೆಲ್‌ಬಿಯಲ್ಲಿ ದೊಡ್ಡಿ ಕಾಯುವ ಕೆಲಸ ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತದೆ. ಊರಲ್ಲಿ ಇಪ್ಪತ್ತೆರಡು ಮನೆ. ಒಂದೊಂದು ಮನೆಗೆ ಒಂದೊಂದು ವರ್ಷ. ವರ್ಷ ಮುಗಿಸಿದವನು ಕೋಲಿನ ಮೇಲೆ ತನ್ನ ಮನೆಯ ಗುರುತನ್ನು ಕೊರೆದು, ಬೀಗದ ಕೈಯನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕಿ ಬರುತ್ತಾನೆ. ಅದಕ್ಕೆಂದೇ ಪ್ರತಿ ಬಾಗಿಲಲ್ಲೂ ಒಂದು ಮೊಳೆ ಇದೆ. ಆ ಮೊಳೆಗೆ ಯಾರೂ ಟೋಪಿ ಕೂಡ ಸಿಕ್ಕಿಸುವುದಿಲ್ಲ.

ದೊಡ್ಡಿ ಕಾಯುವುದೆಂದರೆ ಗೋಮಾಳ ಕಾಯುವುದು. ಯಾರ ದನ ಎಷ್ಟು ಮೇಯಬೇಕೋ ಅಷ್ಟೇ ಮೇಯಬೇಕು. ಹೆಚ್ಚಿಗೆ ಬಿಟ್ಟವನ ದನವನ್ನು ಹಿಡಿದು ದೊಡ್ಡಿಗೆ ಹಾಕಿ ಬೀಗ ಜಡಿಯಬೇಕು. ಗೋಮಾಳ ಹೋದರೆ ಸಿಸ್ಲಿಯ ಒಂದು ಹಸು ಹೋಗುತ್ತದೆ, ಆರು ಬಾತುಕೋಳಿ ಹೋಗುತ್ತವೆ, ಒಲೆಗೆ ಹಾಕುವ ಮುಳ್ಳುಕಂಟಿ ಹೋಗುತ್ತದೆ. ಆಮೇಲೆ ಸಿಸ್ಲಿ ಹೋಗುತ್ತಾಳೆ. ಸುತ್ತಲಿನ ಮೂರು ಊರುಗಳಲ್ಲಿ ಈಗಾಗಲೇ ಹಾಗೆ ಆಗಿದೆ. ಅಲ್ಲಿ ಗೋಮಾಳಕ್ಕೆ ಬೇಲಿ ಬಿತ್ತು, ಬೇಲಿಯ ಒಳಗೆ ಕುರಿ ಬಂತು, ಜನ ದಾರಿಗೆ ಬಿದ್ದರು.

ಸಿಸ್ಲಿಗೆ ನಲವತ್ತಾರು ವರ್ಷ. ಗಂಡ ಎಡ್ಮಂಡ್ ಸತ್ತು ಆರು ವರ್ಷವಾಗಿತ್ತು. ಮಕ್ಕಳು ಉಳಿದಿರಲಿಲ್ಲ. ವಿಧವೆಯ ಮನೆಗೆ ಸರದಿ ಬಂದರೆ ಅವಳು ಯಾರಾದರೂ ಗಂಡಸನ್ನು ತನ್ನ ಬದಲು ಗೊತ್ತುಮಾಡುವುದು ವಾಡಿಕೆ. ಸಿಸ್ಲಿ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಕಬ್ಬಿಣ ಎದೆಗೆ ತಣ್ಣಗೆ ತಾಗಿತು.

ಬಿಸಿಲು ಏರುವ ಮೊದಲೇ ಪಾರುಪತ್ಯಗಾರ ಲಿಂಗಾರ್ಡ್ ಕುದುರೆಯ ಮೇಲೆ ಬಂದ. ಊರಿನ ಧಣಿ ಸರ್ ಜರ್ವೇಸ್ ವರ್ಷಕ್ಕೆ ಒಂದು ಸಲ ಬೇಟೆಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ಲಿಂಗಾರ್ಡನೇ ಧಣಿ. ತೆಳ್ಳಗಿನ ಮನುಷ್ಯ. ಮಾತು ಮೆತ್ತಗೆ. ಎಲ್ಲಿ ಹೋದರೂ ಅವನ ಜೀನಿಗೆ ಒಂದು ಚರ್ಮದ ಚೀಲ ತೂಗುತ್ತಿತ್ತು, ಚೀಲದಲ್ಲಿ ಪುಸ್ತಕ.

"ಹಂಫ್ರಿ ಮಂಕು ಅಂತ ಗೊತ್ತಿತ್ತು. ಇಷ್ಟು ಮಂಕು ಅಂತ ಗೊತ್ತಿರಲಿಲ್ಲ," ಎಂದ ಲಿಂಗಾರ್ಡ್. "ಗಂಡಸಿಲ್ಲದ ಮನೆಗೆ ಬೀಗದ ಕೈ ಹಾಕಿ ಹೋಗಿದಾನೆ. ಕೊಡಮ್ಮ ಇಲ್ಲಿ. ನಮ್ಮ ಕುರಿ ಕಾಯೋನಿಗೇ ಹೇಳಿದೀನಿ, ನಿನ್ನ ಬದಲು ಈ ವರ್ಷ ಅವನು ನೋಡ್ಕೋತಾನೆ. ನಿನಗ್ಯಾಕೆ ಈ ತಾಪತ್ರಯ."

"ನಿಮ್ಮ ಕುರಿ ಕಾಯೋನೇ ದೊಡ್ಡೀನೂ ಕಾದ್ರೆ, ನಿಮ್ಮ ಕುರೀನ ದೊಡ್ಡಿಗೆ ಹಾಕೋರು ಯಾರು ಸ್ವಾಮಿ?"

"ಹೆಂಗಸು ಈ ಕೆಲಸ ಮಾಡಿದ್ದು ಎಲ್ಲಾದ್ರೂ ಉಂಟೇನೇ?"

"ಸರದಿ ಮನೇದು ಸ್ವಾಮಿ. ಮನೆಗೆ ಗಡ್ಡ ಇರಲ್ಲ."

ಎದುರು ಮನೆಯ ಗಿಲ್ಬರ್ಟ್ ನೀರಿನ ಕೊಡ ಹಿಡಿದು ನಿಂತಿದ್ದವನು ನಗು ತಡೆಯಲಾರದೆ ಒಳಗೆ ಓಡಿದ. ಲಿಂಗಾರ್ಡ್ ನಗಲಿಲ್ಲ, ಬೈಯಲೂ ಇಲ್ಲ. ಸಿಸ್ಲಿಯ ಮನೆಯನ್ನು ಬುಡದಿಂದ ಚಾವಣಿಯವರೆಗೆ ಒಮ್ಮೆ ನೋಡಿ ಕುದುರೆ ತಿರುಗಿಸಿದ. ಅವನು ಯಾಕೆ ಹಾಗೆ ನೋಡಿದನೆಂದು ಅವಳಿಗೆ ಆಗ ತಿಳಿಯಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಗೋಮಾಳದ ಜಾನುವಾರುಗಳನ್ನೆಲ್ಲ ಒಟ್ಟಿಗೆ ಅಟ್ಟಿಕೊಂಡು ಬಂದು ನೋಡುವುದು ಪದ್ಧತಿ. ದೊಡ್ಡಿ ಕಾಯುವವರು ಕೋಲು ಹಿಡಿದು ಮುಂದೆ ನಡೆಯಬೇಕು, ಮನೆಗೊಬ್ಬರಂತೆ ಉಳಿದವರು ಹಿಂದೆ ಬರಬೇಕು. ಆ ವರ್ಷ ಬಂದವರು ಎಂಟು ಜನ. ಉಳಿದವರಿಗೆ ಅದೇ ದಿನ ಸೊಂಟ ನೋವು, ಹಲ್ಲು ನೋವು. ಗಿಲ್ಬರ್ಟ್ ಬಂದಿದ್ದ. ಧಣಿಯ ಒಂದು ತುಂಡು ಹುಲ್ಲುಭೂಮಿಯನ್ನು ಅವನು ಗೇಣಿಗೆ ಇಟ್ಟುಕೊಂಡಿದ್ದ. ಆದ್ದರಿಂದ ಎಲ್ಲರಿಗಿಂತ ಹಿಂದೆ, ಯಾರಿಗೂ ಕಾಣದ ಹಾಗೆ ನಡೆಯುತ್ತಿದ್ದ. ಎಂಬತ್ತೊಂದು ವರ್ಷದ ತೋಬಿಯಾಸ್ ತಾತ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದ.

ಗೋಮಾಳದಲ್ಲಿ ಸರ್ ಜರ್ವೇಸನ ಪಾಲು ಎಂಬತ್ತು ಕುರಿ. ಅಂದು ಬೆನ್ನಿನ ಮೇಲೆ ಅವನ ಗುರುತಾದ ಕೆಮ್ಮಣ್ಣಿನ ಪಟ್ಟೆಯಿದ್ದ ಕುರಿಗಳು ನಾಲ್ಕು ನೂರಕ್ಕೂ ಹೆಚ್ಚು ಇದ್ದವು. ಹುಲ್ಲು ಬೇರಿನವರೆಗೆ ಬೋಳಾಗಿತ್ತು. ಬಡವನೊಬ್ಬ ಒಂದು ಕರು ಹೆಚ್ಚಿಗೆ ಬಿಟ್ಟರೆ ಊರೆಲ್ಲ ಅವನನ್ನು ಕಳ್ಳ ಎನ್ನುತ್ತದೆ. ಅಂದು ಯಾರ ಬಾಯಿಂದಲೂ ಆ ಮಾತು ಬರಲಿಲ್ಲ.

ಸಿಸ್ಲಿ ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂದೆಯೊಳಗೆ ಹೊಕ್ಕಳು. ಮಳೆ ಬಿದ್ದ ನೆಲ, ಮೊಣಕಾಲಿನವರೆಗೆ ಕೆಸರು. ಕುರಿ ಮುಂದೆ ಹೋಗುವುದಿಲ್ಲ, ಸುತ್ತುತ್ತದೆ. ಒಂದನ್ನು ತಳ್ಳಿದರೆ ಹತ್ತು ತಿರುಗಿ ಬರುತ್ತವೆ. ಟಗರೊಂದು ಗುದ್ದಿ ಅವಳನ್ನು ಎರಡು ಸಲ ಬೀಳಿಸಿತು. ಉಗುರಿನ ಸಂದಿಗೆಲ್ಲ ಉಣ್ಣೆಯ ಜಿಡ್ಡು, ಹಿಕ್ಕೆ. ಮಧ್ಯಾಹ್ನ ತಿನ್ನಲು ತಂದ ಓಟ್ಸ್ ರೊಟ್ಟಿ ಜೇಬಿನಲ್ಲೇ ಕೆಸರಾಗಿ ಹೋಯಿತು. ಸಂಜೆಯ ಹೊತ್ತಿಗೆ ದೊಡ್ಡಿಯಲ್ಲಿ ಎಪ್ಪತ್ತು ಕುರಿ ತುಂಬಿದವು. ಅದಕ್ಕಿಂತ ಹೆಚ್ಚಿಗೆ ಹಿಡಿಸುತ್ತಿರಲಿಲ್ಲ. ಅವಳು ಕೊರಳಿನಿಂದ ಬೀಗದ ಕೈ ತೆಗೆದು ಬೀಗ ಹಾಕಿದಳು.

"ಹಾಕ್ಬಿಟ್ಟೆ," ಎಂದ ತೋಬಿಯಾಸ್ ತಾತ. "ನಲವತ್ತು ವರ್ಷ ಆಯ್ತು ಕಣೆ, ಆ ಪಟ್ಟೆ ಕುರಿ ಈ ಗೋಡೆ ಒಳಗೆ ನೋಡಿ."

"ಹಾಕಿದ್ದೇನೋ ಆಯ್ತು. ಇನ್ನು ನಮ್ಮನ್ನ ಎಲ್ಲಿಗೆ ಹಾಕ್ತಾರೋ," ಎಂದ ಗಿಲ್ಬರ್ಟ್.

ದೊಡ್ಡಿಯ ಕುರಿಗಳಿಗೆ ಮೇವು ನೀರು ಹಾಕಬೇಕಾದವನು ಕುರಿಯ ಒಡೆಯ. ಎರಡು ದಿನವಾದರೂ ಧಣಿಯ ಕಡೆಯಿಂದ ಒಬ್ಬನೂ ಬರಲಿಲ್ಲ. ಕುರಿಗಳು ಗೋಡೆಗೆ ತಲೆ ಒತ್ತಿ ಅರಚಿದವು. ಸಿಸ್ಲಿಗೆ ಕೇಳಲಾಗಲಿಲ್ಲ. ಹೊಳೆಯಿಂದ ಒಂದೊಂದೇ ಕೊಡ ಹೊತ್ತು ತಂದು ಸುರಿದಳು. ಕೊಡದ ಕಂಠ ತಗುಲಿ ಭುಜದ ಚರ್ಮ ಕಿತ್ತುಬಂತು. ಮೂರನೆಯ ದಿನ ಲಿಂಗಾರ್ಡನ ಆಳುಗಳು ಹಾರೆ ಹಿಡಿದು ಬಂದರು. ಬೀಗ ಮುಟ್ಟಲಿಲ್ಲ. ಹಿಂದಿನ ಗೋಡೆ ಒಡೆದು ಕುರಿ ಹೊಡೆದುಕೊಂಡು ಹೋದರು. ಅಡ್ಡ ನಿಂತ ಸಿಸ್ಲಿಯ ಮುಖಕ್ಕೆ ಒಬ್ಬನು ಹಿಕ್ಕೆ ಬೆರೆತ ಕೆಸರು ಎರಚಿದ. "ತಗೊ, ನಿನ್ನ ಸಂಬಳ," ಎಂದ. ಬಾಗಿಲುಗಳ ಹಿಂದೆ ಇಪ್ಪತ್ತೊಂದು ಮನೆಗಳು ನೋಡುತ್ತಿದ್ದವು. ಅವಳು ಬಾಯಿಯೊಳಗೆ ಹೋದದ್ದನ್ನು ಉಗಿದು, ಖಾಲಿ ದೊಡ್ಡಿಯ ಬೀಗವನ್ನು ಎಳೆದು ನೋಡಿ, ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದಳು.

ದೊಡ್ಡಿ ಒಡೆದವರು ಅವರು. ದಾವೆ ಹಾಕಿದವರೂ ಅವರೇ. ಸಿಸ್ಲಿ, ಗಿಲ್ಬರ್ಟ್, ತೋಬಿಯಾಸ್ ಮೂವರೂ ಸೇರಿ ಧಣಿಯ ಕುರಿಗಳನ್ನು ಅನ್ಯಾಯವಾಗಿ ಹಿಡಿದರಂತೆ. ಗೋಮಾಳ ಧಣಿಯದು, ದೊಡ್ಡಿ ಧಣಿಯದು, ದೊಡ್ಡಿ ಕಾಯುವವನನ್ನು ನೇಮಿಸುವ ಹಕ್ಕೂ ಧಣಿಯದು ಎಂದು ಲಂಡನ್ನಿನ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ದೊರೆ ಪಾರ್ಲಿಮೆಂಟಿಗೆ ಬೀಗ ಹಾಕಿ ಏಳು ವರ್ಷವಾಗಿದ್ದ ಕಾಲ. ಬಡವರಿಗೆ ದೂರು ಹೇಳಿಕೊಳ್ಳಲು ಮೇಲೆ ಯಾರೂ ಇರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಲಂಡನ್ನಿನವರ ಪರವಾಗಿ ಇಬ್ಬರು ದೊಡ್ಡ ಮನುಷ್ಯರು ಸಂತೆಪೇಟೆಯ ಹೋಟೆಲಿನ ಮಹಡಿಯಲ್ಲಿ ಕುಳಿತು ಹೇಳಿಕೆ ಬರೆಸಿಕೊಂಡರು. ಮೂವರೂ ಒಂಬತ್ತು ಮೈಲಿ ನಡೆದು ಹೋದರು. ತೋಬಿಯಾಸ್ ತಾತನನ್ನು ಕೊನೆಯ ಎರಡು ಮೈಲಿ ಸಿಸ್ಲಿ ಮತ್ತು ಗಿಲ್ಬರ್ಟ್ ಕೈ ಹೆಣೆದು ಹೊತ್ತರು. ಮಹಡಿಯಲ್ಲಿ ಹುರಿದ ಬಾತುಕೋಳಿಯ ವಾಸನೆ ತುಂಬಿತ್ತು. ನೋಡಿದರೆ ಲಿಂಗಾರ್ಡ್ ಆ ದೊಡ್ಡ ಮನುಷ್ಯರ ಜೊತೆ ಒಂದೇ ಮೇಜಿಗೆ ಊಟಕ್ಕೆ ಕುಳಿತಿದ್ದ. ನಿಯಮದ ಪ್ರಕಾರ ಅವನು ಆ ಕೋಣೆಯಲ್ಲಿ ಇರಬಾರದು. ಇದ್ದ.

ಮೊದಲು ತೋಬಿಯಾಸ್ ತಾತನನ್ನು ಕರೆದರು. ಕೂರಲು ಹೇಳಲಿಲ್ಲ. ಅವನು ಕೋಲನ್ನು ಮೇಜಿನ ಮೇಲೆ ಇಟ್ಟು, ತುದಿಯಿಂದ ನಾಲ್ಕನೆಯ ಗುರುತಿನ ಮೇಲೆ ಬೆರಳಿಟ್ಟ.

"ಇದು ನಮ್ಮ ಮನೆ ಗುರುತು ಸ್ವಾಮಿ, ಗುದ್ದಲಿ. ಕೊರೆದೋಳು ನಮ್ಮಜ್ಜಿ. ಆಗ ನನಗೆ ಹತ್ತು ವರ್ಷ. ನಮ್ಮಜ್ಜಿ ಗಂಡಸಾಗಿರಲಿಲ್ಲ. ಅವಳು ದೊಡ್ಡಿ ಕಾದ್ಲು. ಇದೂ ಸೇರಿ ಈಚೆಗೆ ಎಪ್ಪತ್ತೆರಡು ಗುರುತು ಇದೆ, ಎಣಿಸ್ಕೊಳ್ಳಿ. ಇದರಲ್ಲಿ ಧಣಿ ಕೈಯಿಂದ ಕೊರೆದದ್ದು ಒಂದೂ ಇಲ್ಲ."

"ಹತ್ತು ವರ್ಷದಲ್ಲಿ ಆದದ್ದು ಈಗ ನೆನಪಿದೆಯಾ?" ದೊಡ್ಡ ಮನುಷ್ಯರಲ್ಲಿ ಒಬ್ಬ ಕೇಳಿದ.

"ನೆನಪಿರಲಿ ಅಂತಲೇ ಹೊಡೆದಿದಾರೆ ಸ್ವಾಮಿ. ಗಡಿ ಸುತ್ತೋ ದಿನ ನಮ್ಮಂಥ ಮಕ್ಕಳನ್ನ ಒಂದೊಂದು ಗಡಿಕಲ್ಲಿನ ಮೇಲೂ ಬೋರಲು ಹಾಕಿ ಪಟಪಟ ಬಾರಿಸ್ತಿದ್ರು. ಏಳು ಕಲ್ಲು, ಏಳು ಸಲ. ನನ್ನ ಕುಂಡೀನೇ ಊರಿನ ದಾಖಲೆ. ಬೇಕಾದ್ರೆ ತೋರಿಸ್ತೀನಿ."

ಮೆಟ್ಟಿಲಲ್ಲಿ ನಿಂತ ಗಿಲ್ಬರ್ಟ್ ಕಿಸಕ್ಕೆಂದ. ದೊಡ್ಡ ಮನುಷ್ಯ ಮುಖ ಸಿಂಡರಿಸಿ, "ಕೋಲು ದಾಖಲೆಯಲ್ಲ," ಎಂದ. ಗುಮಾಸ್ತ ಕೋಲನ್ನು ಎತ್ತಿ ಬೆಂಕಿಗೂಡಿನ ಪಕ್ಕದ ಸೌದೆಯ ರಾಶಿಗೆ ಎಸೆದ. ಎಪ್ಪತ್ತೈದು ವರ್ಷ ಸೌದೆಯ ಮೇಲೆ ಬಿತ್ತು. ತಾತ ಅದು ಬಿದ್ದ ಕಡೆಗೇ ನೋಡುತ್ತ ನಿಂತ. ಸಿಸ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಕೋಲನ್ನು ತೆಗೆದುಕೊಂಡಳು.

"ಇವಳೇ ಸಿಸ್ಲಿ ವಾರ್ಡಲ್. ಬಂದದ್ದು ಒಳ್ಳೇದಾಯ್ತು," ಎಂದ ಲಿಂಗಾರ್ಡ್. ಊಟದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಚರ್ಮದ ಚೀಲದಿಂದ ಪುಸ್ತಕ ತೆಗೆದ. ಗುರುತು ಹಾಕಿಟ್ಟ ಪುಟವನ್ನು ಗುಮಾಸ್ತನ ಮುಂದೆ ಸರಿಸಿದ. ಗುಮಾಸ್ತ ಗಟ್ಟಿಯಾಗಿ ಓದಿದ:

"ಎಡ್ಮಂಡ್ ವಾರ್ಡಲ್‌ನ ವಿಧವೆ ಸಿಸ್ಲಿಯು ಈ ದಿನ ನನ್ನ ಮುಂದೆ ಬಂದು, ಧಣಿಗಳ ಬಯಲಿನಲ್ಲಿ ಒಂದು ಹೊರೆ ಮುಳ್ಳುಕಂಟಿ ಕಡಿದುಕೊಳ್ಳಲು ವಿನಯದಿಂದ ಅಪ್ಪಣೆ ಬೇಡಿದಳು. ಅಪ್ಪಣೆ ಕೊಡಲಾಯಿತು."

ಸಿಸ್ಲಿಗೆ ನೆನಪಾಯಿತು. ಎಡ್ಮಂಡನನ್ನು ಮಣ್ಣು ಮಾಡಿ ಎಂಟು ದಿನವಾಗಿತ್ತು. ಮೊಣಕಾಲುದ್ದ ಹಿಮ. ಮನೆಯಲ್ಲಿ ಸೌದೆಯಿರಲಿಲ್ಲ. ಕುಡುಗೋಲು ಹಿಡಿದು ಹೋಗುತ್ತಿದ್ದಾಗ ಲಿಂಗಾರ್ಡ್ ಎದುರಿಗೆ ಬಂದ. ಎದುರಾದವರ ಮುಂದೆ ಸುಮ್ಮನೆ ಹಾದುಹೋಗಬಾರದೆಂದು ಅವಳ ಅವ್ವ ಕಲಿಸಿದ್ದಳು. ತಲೆಗವಸು ಸರಿಮಾಡಿಕೊಂಡು, "ಒಂದು ಹೊರೆ ಕಂಟಿ ಕಡಕೋತೀನಿ ಸ್ವಾಮಿ, ತಮ್ಮ ಅಪ್ಪಣೆ ಆದ್ರೆ," ಅಂದಿದ್ದಳು. ಮರ್ಯಾದೆಗೆ ಅಂದ ಮಾತು. ಅವನು ಹೂಂ ಅಂದು ಮುಂದೆ ಹೋಗಿದ್ದ. ಮನೆಗೆ ಹೋಗಿ ಬರೆದಿಟ್ಟಿದ್ದ. ಗಂಡ ಸತ್ತ ಹೆಂಗಸು ಚಳಿಯಲ್ಲಿ ಆಡಿದ ಮಾತನ್ನು ಆರು ವರ್ಷ ಚೀಲದಲ್ಲಿ ಕಾಪಾಡಿಕೊಂಡಿದ್ದ.

"ನಿಮ್ಮದೇ ಹಕ್ಕಾಗಿದ್ರೆ ಅಪ್ಪಣೆ ಯಾಕೆ ಕೇಳಿದೆ?" ಎಂದ ದೊಡ್ಡ ಮನುಷ್ಯ.

ಹಿಂದೆ ಗಿಲ್ಬರ್ಟ್ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಇಪ್ಪತ್ತೆರಡು ಮನೆಗಳ ಗೋಮಾಳವನ್ನು ತಾನೊಬ್ಬಳು ಒಂದು ಹೊರೆ ಮುಳ್ಳಿಗೆ ಬಿಟ್ಟುಕೊಟ್ಟೆನೇ ಎಂದುಕೊಂಡಳು. ಅಳು ಬಂತು. ಅಳಲಿಲ್ಲ.

ಲಿಂಗಾರ್ಡ್ ಇನ್ನೊಂದು ಕಾಗದ ತೆಗೆದ.

"ಧಣಿಗಳು ಕರುಣೆಯುಳ್ಳವರು. ದಾವೆ ಬಿಟ್ಟುಬಿಡ್ತಾರೆ. ನೀನು ಬದುಕಿರೋ ತನಕ ನೀನೇ ದೊಡ್ಡಿ ಕಾಯ್ಕೊಂಡಿರು. ಒಂದು ಹಸು ಅಲ್ಲ, ಎರಡು ಹಸು ಮೇಯಿಸ್ಕೊ. ಕಂಟಿ ಎಷ್ಟು ಬೇಕೋ ಅಷ್ಟು ಕಡಕೊ. ಈ ಕಾಗದದಲ್ಲಿ ಎಲ್ಲಾ ಇದೆ. ಇಲ್ಲೊಂದು ಗುರುತು ಹಾಕು, ಸಾಕು."

ಗಿಲ್ಬರ್ಟ್ ಮೆಲ್ಲಗೆ ಒಳಗೆ ಬಂದು ಅವಳ ಹಿಮ್ಮಡಿಗೆ ಒದ್ದ. "ಹಾಕಕ್ಕಾ," ಎಂದು ಪಿಸುಗುಟ್ಟಿದ. "ಹಾಕಿ ಮನೆಗೆ ಹೋಗೋಣ. ನಿನಗೂ ಒಳ್ಳೇದು, ನಮಗೂ ಒಳ್ಳೇದು. ಇವರ ಜೊತೆ ನಮಗೆ ಆಗುತ್ತಾ?"

ಸಿಸ್ಲಿಗೆ ಓದಲು ಬಾರದು. ಗುಮಾಸ್ತನ ಕಡೆ ತಿರುಗಿ, ಓದಿ ಹೇಳು ಎಂದಳು. ಅವನು ಓದಿದ. ಇನ್ನೊಂದು ಸಲ ಓದು ಎಂದಳು. ಅವನು ಬೇಸರದಿಂದ ಇನ್ನೊಂದು ಸಲ ಓದಿದ. 'ಧಣಿಗಳ ಕೃಪೆಯಿಂದ, ಧಣಿಗಳಿಗೆ ಇಷ್ಟವಿರುವ ತನಕ' ಎಂಬ ಮಾತು ಅದರಲ್ಲಿ ಮೂರು ಕಡೆ ಇತ್ತು.

"ನಾನು ಸತ್ತ ಮೇಲೆ ಬೀಗದ ಕೈ ಯಾರ ಬಾಗಿಲಿಗೆ ಹೋಗುತ್ತೆ ಸ್ವಾಮಿ?"

"ಆಮೇಲಿನದು ಆಮೇಲೆ," ಎಂದ ಲಿಂಗಾರ್ಡ್.

"ಹಾಗಾದ್ರೆ ಬೇಡ."

"ಏನು ಬೇಡ?"

"ಇದು ಬೇಡ. ನೀವು ಕೊಟ್ಟದ್ದನ್ನ ಇಸ್ಕೊಂಡ್ರೆ ಅದು ನಿಮ್ಮದು ಅಂತ ನಾನೇ ಹೇಳಿದ ಹಾಗಾಗುತ್ತೆ. ಒಂದ್ಸಲ ಮರ್ಯಾದೆಗೆ ಬಾಯಿಬಿಟ್ಟೆ, ನೀವು ಅದನ್ನ ಪುಸ್ತಕಕ್ಕೆ ಹಾಕ್ಕೊಂಡ್ರಿ. ಇನ್ನು ನಿಮ್ಮ ಹತ್ರ ಮರ್ಯಾದೆ ಮಾತೂ ಆಡಲ್ಲ. ಗುರುತು ಹಾಕಲ್ಲ. ಬೀಗದ ಕೈ ನನಗೆ ಹಂಫ್ರಿ ಮನೆಯಿಂದ ಬಂತು. ಮುಂದಿನ ಮನೆಗೆ ಹೋಗುತ್ತೆ. ಬರ್ಕೊಳಪ್ಪಾ, ಅದನ್ನ ಬರ್ಕೊ."

ಗುಮಾಸ್ತ ಲೇಖನಿ ಹಿಡಿದು ಲಿಂಗಾರ್ಡನ ಮುಖ ನೋಡಿದ. ಬರೆಯಲಿಲ್ಲ. ಲಿಂಗಾರ್ಡ್ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿ, ಮೊದಲಿನಷ್ಟೇ ಮೆತ್ತಗೆ ಹೇಳಿದ.

"ಸರದಿ ಮನೇದು ಅಂದಿದ್ದೆ ಅಲ್ವಾ ನೀನು. ಮನೆ ಇದ್ರೆ ತಾನೆ ಸರದಿ."

ಹೋದ ಮಾರ್ಚಿನಲ್ಲಿ ಅವನು ಚಾವಣಿ ನೋಡಿದ್ದು ಯಾಕೆಂದು ಆಗ ಅವಳಿಗೆ ತಿಳಿಯಿತು.

ಹಳೆಯ ರಾಣಿಯ ಕಾಲದ ಒಂದು ಕಾನೂನು ಇತ್ತು. ನಾಲ್ಕು ಎಕರೆ ನೆಲವಿಲ್ಲದ ಗುಡಿಸಲು ಕಾನೂನಿಗೆ ವಿರುದ್ಧ. ಸಿಸ್ಲಿಗಿದ್ದದ್ದು ಅರ್ಧ ಎಕರೆ. ಊರಲ್ಲಿ ಹದಿನೈದು ಮನೆಗಳಿಗೆ ಅಷ್ಟೂ ಇರಲಿಲ್ಲ. ಅವಳ ಮನೆ ಆ ಕಾನೂನು ಹುಟ್ಟುವ ಮೊದಲಿನಿಂದ ಅಲ್ಲಿ ನಿಂತಿತ್ತು. ಆದರೂ ಕಾನೂನು ಹುಡುಕಿಕೊಂಡು ಬಂದದ್ದು ಅವಳ ಮನೆಯನ್ನೇ. ಜನವರಿಯ ಒಂದು ಬೆಳಿಗ್ಗೆ ಪಕ್ಕದ ಊರಿನ ಆರು ಆಳುಗಳು ಕೊಕ್ಕೆ, ಹಗ್ಗ, ಹಾರೆ ಹಿಡಿದು ಬಂದರು. ಥ್ರೆಲ್‌ಬಿಯಿಂದ ಒಬ್ಬನೂ ಕೂಲಿಗೆ ಒಪ್ಪಿರಲಿಲ್ಲ. ಅಷ್ಟರ ಮಟ್ಟಿಗೆ ಊರಿಗೆ ನಾಚಿಕೆ ಇತ್ತು. ಬಾಗಿಲು ತೆರೆದು ಹೊರಗೆ ಬರುವಷ್ಟು ಇರಲಿಲ್ಲ.

ಸಿಸ್ಲಿ ಒಲೆಯ ಕಲ್ಲಿನ ಮೇಲೆ ಕುಳಿತಿದ್ದಳು. ಏಳು ಎಂದರು. ಏಳಲಿಲ್ಲ. ಮೇಲಿನಿಂದ ಹುಲ್ಲು ಕಿತ್ತು ಅವಳ ತಲೆಯ ಮೇಲೆ ಸುರಿದರು. ಎಪ್ಪತ್ತು ವರ್ಷದ ಹೊಗೆ ಕಟ್ಟಿದ ಕರಿ ಹುಲ್ಲು, ಇಲಿಯ ಗೂಡು, ಧೂಳು. ಕೆಮ್ಮುತ್ತ ಕುಳಿತೇ ಇದ್ದಳು. ಇಬ್ಬರು ಕಂಕುಳಿಗೆ ಕೈ ಹಾಕಿ ಎಳೆದರು. ತಲೆಗವಸು ಬಿತ್ತು. ಕತ್ತರಿಸಿದ ನರೆತ ಕೂದಲು ಕಂಡು ಒಬ್ಬ ಹುಡುಗ ನಕ್ಕ. ಎಡ್ಮಂಡ್ ಕೂಡ ಅವಳ ಬರಿದಲೆಯನ್ನು ಹಗಲು ಹೊತ್ತಿನಲ್ಲಿ ಕಂಡಿರಲಿಲ್ಲ. ಹಿಮದಲ್ಲಿ ಎಳೆದು ದಾರಿಗೆ ಹಾಕಿದರು. ತೊಲೆಗೆ ಹಗ್ಗ ಕಟ್ಟಿ ಜಗ್ಗಿದರು. ಹೊಗೆಗೂಡು ಒಂದೇ ಸಲಕ್ಕೆ ಕುಸಿಯಿತು. ಎರಡು ಗೋಡೆಯ ಮೋಟು, ಬಾಗಿಲ ಚೌಕಟ್ಟು, ಒಲೆಯ ಕಲ್ಲು ಉಳಿದವು. ಆ ಕಲ್ಲನ್ನು ಆರು ಜನ ಸೇರಿ ಅಲುಗಾಡಿಸಿದರು. ಅಲುಗಲಿಲ್ಲ. ಬಿಟ್ಟು ಹೋದರು.

ಅವಳು ಎದ್ದು ತಲೆಗವಸು ಹುಡುಕಿ ಹಾಕಿಕೊಂಡಳು. ಒಲೆಯ ಮೇಲಿನ ಕಲ್ಲುಮಣ್ಣು ಬಳಿದಳು. ಬೂದಿ ಕೆದಕಿದಳು, ಒಳಗೆ ಇನ್ನೂ ಕೆಂಡ ಇತ್ತು. ಕಂಟಿ ಒಟ್ಟಿ ಊದಿದಳು. ಚಾವಣಿಯಿಲ್ಲದ ಮನೆಯಿಂದ ಹೊಗೆ ನೆಟ್ಟಗೆ ಮೇಲೆದ್ದಿತು. ಒಲೆ ಉರಿಯುವ ಮನೆಗೆ ಸರದಿ, ಒಲೆ ಉರಿಯುವ ಮನೆಗೆ ಗೋಮಾಳ: ಥ್ರೆಲ್‌ಬಿಯ ಪದ್ಧತಿ ಅಷ್ಟೇ. ಗೋಡೆ ಎಷ್ಟಿರಬೇಕು, ಚಾವಣಿ ಇರಬೇಕೇ ಎಂದು ಯಾರೂ ಎಲ್ಲೂ ಹೇಳಿಲ್ಲ.

ಎರಡು ಗೋಡೆಯ ಮೂಲೆಗೆ ಹಳೆಯ ಹುಲ್ಲನ್ನೇ ಒರಗಿಸಿ ಅದರ ಕೆಳಗೆ ಹಸುವನ್ನು ಕಟ್ಟಿದಳು. ಹಸುವಿನ ಹೊಟ್ಟೆಗೆ ಅಂಟಿಕೊಂಡು ತಾನೂ ಮಲಗಿದಳು. ಕಾಲಿನ ಎರಡು ಬೆರಳು ಕಪ್ಪಾದವು. ಒಂದು ಬೆಳಿಗ್ಗೆ ಆಲಿಕಲ್ಲಿನ ಮಳೆಗೆ ಒಲೆ ಪೂರಾ ಆರಿತ್ತು. ಅವಳು ಒದ್ದೆ ಬೂದಿಯ ಮುಂದೆ ಕುಳಿತಳು. ಆಗ ಮಾತ್ರ ಅತ್ತಳು. ತಲೆಯೆತ್ತಿದರೆ ಮೋಟುಗೋಡೆಯ ಮೇಲೆ ಮಡಕೆಯೊಂದಿತ್ತು, ತುಂಬ ಕೆಂಡ. ಕಂಠ ಒಡೆದ ಆ ಮಡಕೆ ಗಿಲ್ಬರ್ಟನ ಹೆಂಡತಿ ಡಾರ್ಕಸಳದು. ಎದುರು ಮನೆಯ ಬಾಗಿಲು ಮುಚ್ಚಿತ್ತು. ಕೆಂಡ ಸುರಿದುಕೊಂಡು ಖಾಲಿ ಮಡಕೆಯನ್ನು ಗೋಡೆಯ ಮೇಲೆ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದು ಅಲ್ಲಿರಲಿಲ್ಲ.

ತೋಬಿಯಾಸ್ ತಾತ ದಿನಾ ಬಂದು ಒಲೆಯ ಪಕ್ಕ ಕೂರುತ್ತಿದ್ದ.

"ನನಗೆ ನೆನಪಿರೋದನ್ನೆಲ್ಲ ನಿನಗೆ ಹೇಳ್ಬಿಡ್ತೀನಿ ಕಣೆ," ಎಂದ. "ಕೇಳಿಸ್ಕೊ. ಮೊದಲನೆ ಕಲ್ಲು ಹೊಳೆ ತಿರುವಿನಲ್ಲಿ. ಎರಡನೇದು ಸುಟ್ಟ ಮರದ ಕೆಳಗೆ. ಹೇಳು ನೋಡೋಣ."

"ಮೊದಲನೇದು ಹೊಳೆ ತಿರುವು. ಎರಡನೇದು ಸುಟ್ಟ ಮರ."

"ಹೊಡೀಬೇಕಿತ್ತು ನಿನಗೆ, ಚೆನ್ನಾಗಿ ನೆನಪಿರೋದು. ಕೈಲಿ ಶಕ್ತಿ ಇಲ್ಲ."

ಫೆಬ್ರವರಿಯಲ್ಲಿ ತಾತ ಸತ್ತ. ಏಳು ಕಲ್ಲಿನಲ್ಲಿ ಆರನ್ನು ಹೇಳಿ ಮುಗಿಸಿದ್ದ. ಲಿಂಗಾರ್ಡ್ ಮಣ್ಣಿಗೆ ಬಂದು ಟೋಪಿ ತೆಗೆದು ನಿಂತಿದ್ದ. ಊರಿನ ಒಂದೊಂದೇ ಮುಖವನ್ನು ನೋಡುತ್ತಿದ್ದ. ಇನ್ನು ಎಷ್ಟು ಮುದುಕರು ಉಳಿದಿದ್ದಾರೆಂದು ಎಣಿಸಿದಂತಿತ್ತು.

ಮಾರ್ಚಿನ ಮೊದಲ ವಾರ ಲಂಡನ್ನಿನಿಂದ ಆಜ್ಞೆ ಬಂತು. ದಾವೆ ತೀರುವ ತನಕ ಬೀಗದ ಕೈ ಪಾರುಪತ್ಯಗಾರನ ಬಳಿ ಇರಬೇಕು, ಮೇರಿ ಹಬ್ಬದ ದಿನ ಒಪ್ಪಿಸಬೇಕು. ಒಪ್ಪಿಸದವರಿಗೆ ಜೈಲು. ಲಿಂಗಾರ್ಡ್ ಬಯಸಿದ್ದರೆ ಅವಳ ಕೊರಳಿನಿಂದ ಯಾವತ್ತೋ ಕಿತ್ತುಕೊಳ್ಳಬಹುದಿತ್ತು. ಅವನು ಅಂಥ ದಡ್ಡನಲ್ಲ. ಕಿತ್ತುಕೊಂಡರೆ ಕಳವು, ಊರ ಮುಂದೆ ಕೈಯಾರೆ ಕೊಟ್ಟರೆ ಒಪ್ಪಿಗೆ. ಅವನಿಗೆ ಬೇಕಾಗಿದ್ದದ್ದು ಒಪ್ಪಿಗೆ.

ಹಬ್ಬದ ಬೆಳಿಗ್ಗೆ ಅವನು ನಾಲ್ಕು ಜವಾನರೊಡನೆ ಬಂದು ಸಿಸ್ಲಿಯ ಬಾಗಿಲ ಚೌಕಟ್ಟಿನ ಮುಂದೆ ನಿಂತ. ದಾರಿಯ ಕೊನೆಯಲ್ಲಿ ಮೂರು ಗಾಡಿಗಳು ನಿಂತಿದ್ದವು. ಅವುಗಳ ತುಂಬ ಬೇಲಿಯ ಗೂಟ. ಈ ಸಲ ಊರು ಹೊರಗೆ ಬಂದಿತ್ತು. ಎಲ್ಲರೂ ಅವರವರ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು.

ಸಿಸ್ಲಿ ಒಲೆಯ ಪಕ್ಕ ಕುಳಿತು ಕೋಲಿನ ಮೇಲೆ ಚಾಕುವಿನಿಂದ ಕೊರೆಯುತ್ತಿದ್ದಳು. ಅವಳ ಮನೆಯ ಗುರುತು ಕುಡುಗೋಲು. ಬೆರಳು ಸೆಟೆದುಕೊಂಡಿದ್ದರಿಂದ ನಿಧಾನವಾಯಿತು. ಲಿಂಗಾರ್ಡ್ ಕಾದ. ಮುಗಿದ ಮೇಲೆ ಅವಳು ಎದ್ದು, ಕುಂಟುತ್ತ, ಬಾಗಿಲ ಚೌಕಟ್ಟನ್ನು ದಾಟಿಯೇ ಹೊರಗೆ ಬಂದಳು. ಪಕ್ಕದಲ್ಲಿ ಗೋಡೆಯೇ ಇರಲಿಲ್ಲ, ಆದರೂ ಬಾಗಿಲಿನಿಂದಲೇ ಬಂದಳು.

"ಕೊಡಮ್ಮ," ಎಂದು ಲಿಂಗಾರ್ಡ್ ಅಂಗೈ ಚಾಚಿದ.

ಅವಳು ಅವನ ಪಕ್ಕದಿಂದ ನಡೆದು ದಾರಿ ದಾಟಿದಳು. ಮುಂದಿನ ಸರದಿ ಎದುರು ಮನೆಯದು. ಗಿಲ್ಬರ್ಟನ ಬಾಗಿಲೊಂದೇ ಮುಚ್ಚಿತ್ತು. ಕೊರಳಿನ ದಾರ ತೆಗೆದು ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ ಹಿಂದೆ ಸರಿದು ನಿಂತಳು. ಒಂದು ವರ್ಷದಿಂದ ಮೈಗೆ ಅಂಟಿಕೊಂಡಿದ್ದ ಕಬ್ಬಿಣ. ಈಗ ಅದು ಇಲ್ಲದೆ ಎದೆಗೆ ಚಳಿಯಾಯಿತು.

"ಗಿಲ್ಬರ್ಟ್," ಲಿಂಗಾರ್ಡ್ ಕೂಗಿದ. ದನಿ ಏರಿಸಲಿಲ್ಲ. "ಹೊರಗೆ ಬಾರಯ್ಯ. ಹುಚ್ಚು ಹೆಂಗಸು ನಿನ್ನ ಬಾಗಿಲಿಗೆ ಏನೋ ತಗುಲಿಸಿ ಹೋಗಿದಾಳೆ. ತೆಗೆದು ನನ್ನ ಕೈಗೆ ಕೊಡು. ನಿನ್ನ ಹುಲ್ಲುಭೂಮಿ ವಿಷಯ ಆಮೇಲೆ ಕೂತು ಮಾತಾಡೋಣ."

ಬಾಗಿಲು ತೆರೆಯಿತು. ಗಿಲ್ಬರ್ಟ್ ಬಂದ. ಹಿಂದೆ ಡಾರ್ಕಸ್ ನಿಂತಿದ್ದಳು. ರಾತ್ರಿಯೆಲ್ಲ ಇಬ್ಬರೂ ಮಲಗಿದಂತೆ ಕಾಣಲಿಲ್ಲ. ಗಿಲ್ಬರ್ಟ್ ಯಾರ ಮುಖವನ್ನೂ ನೋಡದೆ ಬೀಗದ ಕೈಯನ್ನು ಮೊಳೆಯಿಂದ ತೆಗೆದ. ಬೀಗದ ಕೈ ಬಾಗಿಲಿಗೆ ಟಕಟಕ ಬಡಿಯಿತು.

ಲಿಂಗಾರ್ಡ್ ಅಂಗೈ ಚಾಚಿಕೊಂಡೇ ಇದ್ದ.

ಗಿಲ್ಬರ್ಟ್ ತಲೆಯೆತ್ತಿ ತನ್ನ ಮನೆಯ ಚಾವಣಿಯನ್ನು ನೋಡಿದ. ಹೋದ ಬೇಸಿಗೆಯಲ್ಲಷ್ಟೇ ಹೊಸ ಹುಲ್ಲು ಹೊದಿಸಿದ್ದ. ಅದರ ಬಣ್ಣ ಇನ್ನೂ ಹಳದಿಯಾಗಿಯೇ ಇತ್ತು. ಅವನು ಎಷ್ಟು ಹೊತ್ತು ನೋಡಿದನೆಂದರೆ ಲಿಂಗಾರ್ಡನೂ ತಲೆಯೆತ್ತಿ ಅದನ್ನೇ ನೋಡಿದ. ಜವಾನರೂ ನೋಡಿದರು.

ಗಿಲ್ಬರ್ಟ್ ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡು ಬೀಗದ ಕೈಯನ್ನು ಅಂಗಿಯೊಳಗೆ ಇಳಿಬಿಟ್ಟ.

"ಕೋಲು ಎಲ್ಲಿ ಸಿಸ್ಲಿಯಕ್ಕ?" ಎಂದ. "ಕೋಲು ಕೊಡು."